ಪುಣೆಯ ಹಾಲು, ಮೈಯ ಉರಿ

ನಮ್ಮ ಮೌಶಿ ಧಾರವಾಡದಿಂದ ಮದುವೆಯಾಗಿ ಪುಣೆಗೆ ಹೋಗಿ ಐವತ್ತು ವರ್ಷ ಆಯಿತು. ಈಗ ಅವಳಿಗೆ ಎಪ್ಪತ್ತೆರಡು. ಊರು ಬದಲಾದರೂ ಅವಳ ಮನೆಯ ಊಟ ಬದಲಾಗಿರಲಿಲ್ಲ. ಭಾಕ್ರಿ, ಪಲ್ಯ, ಅನ್ನ, ಸಾರು, ಕೊನೆಗೆ ಗಟ್ಟಿ ಮೊಸರು. ಕಳೆದ ವರ್ಷ ಹೋದಾಗ ಮಾತ್ರ ಊಟದ ಕೊನೆಗೆ ಮೊಸರು ಬರಲಿಲ್ಲ.

"ಮೊಸರು ಮುಗದದೇನ ಮೌಶಿ?"

"ಮುಗದಿಲ್ಲೋ, ಬಿಟ್ಟೇನಿ. ಹಾಲು, ಮೊಸರು ಎಲ್ಲಾ ಬಿಟ್ಟು ವರ್ಷದ ಮ್ಯಾಲಾತು. ಅದರಿಂದ ಮೈಯಾಗ ಇನ್‌ಫ್ಲಮೇಶನ್ ಆಗ್ತದಂತ. ಈ ಮೊಣಕಾಲು ಬಾತಾವಲ್ಲ, ಅದಕ್ಕ."

"ಯಾರು ಹೇಳಿದ್ರು?"

"ಎಲ್ಲಾರೂ ಹೇಳ್ತಾರ."

ಈ 'ಎಲ್ಲಾರೂ' ಯಾರು ಎಂದು ಕೇಳಿದರೆ ಒಬ್ಬೊಬ್ಬರಾಗಿ ಹೊರಬಂದರು. ವಾಟ್ಸಾಪ್ ಗುಂಪಿನ ಗೆಳತಿಯರು, ಯೋಗದ ಕ್ಲಾಸಿಗೆ ಬರುವ ಒಬ್ಬಾಕೆ, ಗಾಜಿನ ಬಾಟಲಿಯಲ್ಲಿ ದುಬಾರಿ 'ಎ2' ಹಾಲು ತರಿಸುವ ಎದುರು ಮನೆಯವರು. ವೈದ್ಯರು ಯಾರೂ ಆ ಪಟ್ಟಿಯಲ್ಲಿ ಇರಲಿಲ್ಲ. ಮೌಶಿ ಮೊಟ್ಟೆ ಮಾಂಸ ಮುಟ್ಟುವವಳಲ್ಲ. ಹಾಲು ಬಿಟ್ಟರೆ ಅವಳ ತಾಟಿನಲ್ಲಿ ಪ್ರಾಣಿಜನ್ಯವಾದದ್ದು ಏನೂ ಉಳಿಯುವುದಿಲ್ಲ. ಅದು ಎಷ್ಟು ಮುಖ್ಯವಾದ ಮಾತು ಎಂದು ಆಗ ನನಗೂ ಹೊಳೆದಿರಲಿಲ್ಲ.

ಊರಿಗೆ ಮರಳಿದ ಮೇಲೆ ಈ ವಿಷಯದ ಹಿಂದೆ ಬಿದ್ದೆ. ಹುಡುಕುತ್ತ ಹೋದಂತೆ ಮತ್ತೆ ಮತ್ತೆ ಎದುರಾದ ಊರು ಪುಣೆಯೇ. ಹಾಲಿಗೂ ದೇಹಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ಕಳೆದ ನೂರು ವರ್ಷಗಳಲ್ಲಿ ಪುಣೆ ಮತ್ತು ಅದರ ಸುತ್ತಲಿನ ಹಳ್ಳಿಗಳು ಕನಿಷ್ಠ ಮೂರು ಸಲ ಎದುರಿಸಿವೆ. ಒಮ್ಮೆ ಸೆರೆಮನೆಯಲ್ಲಿ, ಒಮ್ಮೆ ದನದ ಕೊಟ್ಟಿಗೆಯಲ್ಲಿ, ಒಮ್ಮೆ ಆಸ್ಪತ್ರೆಯಲ್ಲಿ. ಮೌಶಿಯ ಮೊಣಕಾಲಿಗೆ ಉತ್ತರ ಬೇಕಾದರೆ ಈ ಮೂರೂ ಕಡೆ ಹೋಗಿ ಬರಬೇಕು.

*

ಹೊರಡುವ ಮುನ್ನ ಪದದ ಮಾತು. ಇನ್‌ಫ್ಲಮೇಶನ್‌ಗೆ ಕನ್ನಡದಲ್ಲಿ 'ಉರಿಯೂತ' ಎನ್ನುತ್ತೇವೆ. ಉರಿ ಮತ್ತು ಊತ, ಎರಡು ಲಕ್ಷಣ ಸೇರಿ ಒಂದು ಪದ. ಮರಾಠಿಯಲ್ಲಿ ಇದಕ್ಕೆ 'ದಾಹ' ಎನ್ನುತ್ತಾರೆ. ನಮಗೆ ದಾಹ ಎಂದರೆ ಬಾಯಾರಿಕೆ, ಅವರಿಗೆ ಉರಿ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಇದರ ನಾಲ್ಕು ಲಕ್ಷಣ ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ಮುಳ್ಳು ಚುಚ್ಚಿದ ಬೆರಳಿನಲ್ಲಿ ಈ ನಾಲ್ಕನ್ನೂ ನೋಡಬಹುದು. ಅದು ದೇಹ ತನ್ನನ್ನು ಕಾಯ್ದುಕೊಳ್ಳುವ ಕೆಲಸ. ಮುಳ್ಳು ಹೋದ ಮೇಲೆ ಉರಿಯೂ ಇಳಿಯುತ್ತದೆ.

ಇಂದು ಎಲ್ಲರ ಬಾಯಲ್ಲಿರುವ ಇನ್‌ಫ್ಲಮೇಶನ್ ಇದಲ್ಲ. ಅದು ಕಣ್ಣಿಗೆ ಕಾಣದ, ವರ್ಷಗಟ್ಟಲೆ ಸಣ್ಣಗೆ ನಡೆಯುವ ಉರಿಯೂತ. ಅದನ್ನು ಗುರುತಿಸುವುದು ರಕ್ತಪರೀಕ್ಷೆಯಿಂದ. ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ ಎಂಬ ವಸ್ತುವನ್ನು 1930ರಲ್ಲಿ ನ್ಯೂಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡರು. 1990ರ ದಶಕದಲ್ಲಿ ಅದನ್ನು ಬಹಳ ಸೂಕ್ಷ್ಮವಾಗಿ ಅಳೆಯುವುದು ಸಾಧ್ಯವಾದಾಗ, ಆರೋಗ್ಯವಂತರಂತೆ ಕಾಣುವವರಲ್ಲೂ ಅದು ಸ್ವಲ್ಪ ಏರಿರಬಹುದು, ಹಾಗೆ ಏರಿದವರಿಗೆ ಹೃದಯದ ಕಾಯಿಲೆಯ ಸಾಧ್ಯತೆ ಹೆಚ್ಚು ಎಂದು ತಿಳಿಯಿತು. ಮೌಶಿಯ ಬಾತ ಮೊಣಕಾಲು ಒಂದು ಸಂಗತಿ, ರಕ್ತದ ಸಿಆರ್‌ಪಿ ಇನ್ನೊಂದು. ವಾಟ್ಸಾಪಿನಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ.

ಹಾಲಿನ ಪದಾರ್ಥಕ್ಕೂ ಊತಕ್ಕೂ ಸಂಬಂಧ ಕಟ್ಟುವುದು ಹೊಸದೇನಲ್ಲ. ಆಯುರ್ವೇದದ ಹಳೆಯ ಗ್ರಂಥಗಳಲ್ಲೇ ಆ ಚರ್ಚೆ ಇದೆ. ಚರಕ ಸಂಹಿತೆ ಜೀವ ಕೊಡುವ ಪದಾರ್ಥಗಳಲ್ಲಿ ಹಾಲಿಗೆ ಮೊದಲ ಸ್ಥಾನ ಕೊಡುತ್ತದೆ. ಅದೇ ಪಟ್ಟಿಯಲ್ಲಿ, ದೇಹದ ಸ್ರೋತಸ್ಸುಗಳನ್ನು ಕಟ್ಟಿಸುವ ಪದಾರ್ಥಗಳಲ್ಲಿ ಅರೆಬರೆ ಹೆಪ್ಪಾದ ಮೊಸರಿಗೆ ಮೊದಲ ಸ್ಥಾನ. ರಾತ್ರಿ ಮೊಸರು ಬೇಡ ಎಂಬ ಅಜ್ಜಿಯರ ಮಾತಿನ ಮೂಲವೂ ಅಲ್ಲೇ. ವಾಗ್ಭಟನ ಅಷ್ಟಾಂಗಹೃದಯ ಇನ್ನೂ ಸ್ಪಷ್ಟ. ಮೊಸರು ಹೆಚ್ಚಿಸುವ ಸಂಗತಿಗಳಲ್ಲಿ 'ಶೋಫ' ಅಂದರೆ ಬಾವು ಸೇರಿದೆ. ಮುಂದೆ ಮಜ್ಜಿಗೆಯ ಮಾತು ಬಂದಾಗ, ಮಜ್ಜಿಗೆ ಕಳೆಯುವ ತೊಂದರೆಗಳಲ್ಲಿ ಅದೇ ಶೋಫ ಸೇರಿದೆ. ಮೊಸರು ಏರಿಸಿದ್ದನ್ನು ಮಜ್ಜಿಗೆ ಇಳಿಸುತ್ತದೆ ಎಂದಾಯಿತು. ಆ ಶೋಫವನ್ನು ಇಂದಿನ ಸಿಆರ್‌ಪಿ ಜೊತೆ ಸಮ ಮಾಡುವುದು ತಪ್ಪು. ಆದರೆ ಹಾಲು ಎಂಬುದು ಒಂದೇ ಪದಾರ್ಥವಲ್ಲ, ಅದರ ರೂಪ ಬದಲಾದರೆ ಗುಣ ಬದಲಾಗುತ್ತದೆ, ತಿನ್ನುವವರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂಬ ವಿವೇಕ ಆ ಗ್ರಂಥಗಳಿಗಿತ್ತು. 'ಡೇರಿ ಬಿಡಿ' ಎಂದು ಹಾಲು, ಮಜ್ಜಿಗೆ, ತುಪ್ಪ, ಪೇಢಾ ಎಲ್ಲವನ್ನೂ ಒಂದೇ ಗಂಟು ಕಟ್ಟುವ ಇಂದಿನ ಸಲಹೆಗೆ ಅದು ಇಲ್ಲ.

*

ಈಗ ಪುಣೆಯ ಮೊದಲ ನಿಲುಗಡೆ, ಸೆರೆಮನೆ.

ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗೆಳೆಯ ಕ್ಯಾಲನ್‌ಬಾಕ್ ಜೊತೆ ಹಾಲು ಬಿಟ್ಟರು. ಕಾರಣ ಎರಡು. ಹಾಲು ದೇಹದ ವಿಕಾರಗಳನ್ನು ಕೆರಳಿಸುತ್ತದೆ ಎಂಬ ನಂಬಿಕೆ ಒಂದು. ಕಲ್ಕತ್ತದಲ್ಲಿ ಹೆಚ್ಚು ಹಾಲು ಹಿಂಡಲು ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ವಿಷಯ ಓದಿದ್ದು ಇನ್ನೊಂದು. ಆರು ವರ್ಷ ಹಾಲು ಮುಟ್ಟಲಿಲ್ಲ. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಓಡಾಡುವಾಗ ಆಮಶಂಕೆ ಹತ್ತಿ ಸಾವಿನ ಹತ್ತಿರ ಹೋದರು. ವೈದ್ಯರು ಹಾಲು ಕುಡಿಯದೆ ಮೈ ಕೂಡುವುದಿಲ್ಲ ಎಂದರು. ವ್ರತ ಅಡ್ಡ ಬಂತು. ಆಗ ಕಸ್ತೂರಬಾ, ನೀವು ಬಿಟ್ಟದ್ದು ಹಸು ಎಮ್ಮೆಯ ಹಾಲು ತಾನೇ, ಆಡಿನ ಹಾಲಿಗೇನು ಅಡ್ಡಿ ಎಂದು ಕೇಳಿದರು. ಗಾಂಧೀಜಿ ಒಪ್ಪಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ಆತ್ಮಕಥೆಯಲ್ಲಿ ಅದನ್ನು ಮುಚ್ಚಿಡದೆ ಬರೆದುಕೊಂಡಿದ್ದಾರೆ.

1922ರಲ್ಲಿ ಅವರನ್ನು ಪುಣೆಯ ಯರವಡಾ ಜೈಲಿಗೆ ಹಾಕಿದರು. 1924ರ ಜನವರಿಯಲ್ಲಿ ಅಲ್ಲಿ ಹೊಟ್ಟೆನೋವು ಬಂತು. ಅದು ಅಪೆಂಡಿಸೈಟಿಸ್, ಅಂದರೆ ಅಪ್ಪಟ ಉರಿಯೂತ. ಸಸೂನ್ ಆಸ್ಪತ್ರೆಗೆ ತಂದು ಜನವರಿ 12ರ ರಾತ್ರಿ ಕರ್ನಲ್ ಮ್ಯಾಡಕ್ ಶಸ್ತ್ರಚಿಕಿತ್ಸೆ ಮಾಡಿದರು. ನಡುವೆ ವಿದ್ಯುತ್ ಹೋಯಿತು, ಲಾಂದ್ರದ ಬೆಳಕಿನಲ್ಲಿ ಕೆಲಸ ಮುಗಿಸಿದರು. ಫೆಬ್ರವರಿ 5ರಂದು ಸರಕಾರ ಅವರನ್ನು ಬಿಡುಗಡೆ ಮಾಡಿತು. ಪ್ರಕೃತಿ ಚಿಕಿತ್ಸೆಯನ್ನೇ ನಂಬಿದ ತಾನು ಚಾಕುವಿಗೆ ಒಪ್ಪಬೇಕಾಯಿತಲ್ಲ ಎಂಬುದು ಅವರಿಗೆ ಸಣ್ಣ ಸಂಗತಿ ಆಗಿರಲಿಲ್ಲ.

1927ರಲ್ಲಿ ಆರೋಗ್ಯ ಕೆಟ್ಟು ನಂದಿ ಬೆಟ್ಟದಲ್ಲೂ ಬೆಂಗಳೂರಿನಲ್ಲೂ ವಿಶ್ರಾಂತಿ ಪಡೆಯುವಾಗ ಅವರು ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಕೆಲವು ದಿನ ವಿದ್ಯಾರ್ಥಿಯ ಹಾಗೆ ಹೋಗಿ ಹಸು ಸಾಕುವ ಶಾಸ್ತ್ರ ಕಲಿತರು. ಹಾಲು ಬಿಟ್ಟವರು ಹಾಲಿನ ಶಾಸ್ತ್ರ ಕಲಿಯಲು ಹೋದದ್ದು ವಿಚಿತ್ರ ಎನ್ನಿಸಬಹುದು. ಆದರೆ ಅಷ್ಟು ಹೊತ್ತಿಗೆ ಅವರ ಪ್ರಶ್ನೆಯ ದಿಕ್ಕು ತಿರುಗಿತ್ತು. ನಾನು ಹಾಲು ಕುಡಿಯಬೇಕೇ ಎಂಬುದರ ಜೊತೆಗೆ, ಈ ದೇಶದ ಬಡವರ ಮಕ್ಕಳಿಗೆ ಹಾಲು ಎಲ್ಲಿಂದ ಬರಬೇಕು ಎಂಬುದೂ ಸೇರಿತ್ತು.

ಆ ತಿರುವು ಪೂರ್ತಿಯಾದದ್ದು ಮತ್ತೆ ಪುಣೆಯಲ್ಲಿ. 1942ರ ಆಗಸ್ಟಿನಲ್ಲಿ ಅವರನ್ನು ಆಗಾ ಖಾನ್ ಅರಮನೆಯಲ್ಲಿ ಬಂಧನದಲ್ಲಿಟ್ಟರು. ಆಗಸ್ಟ್ 15ರಂದು ಮಹಾದೇವ ದೇಸಾಯಿ ಅಲ್ಲೇ ತೀರಿಕೊಂಡರು. ಹದಿಮೂರು ದಿನಗಳ ನಂತರ, ಆಗಸ್ಟ್ 28ರಂದು ಗಾಂಧೀಜಿ ಆರೋಗ್ಯದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯಲು ಕೂತರು. ಡಿಸೆಂಬರ್ 18ಕ್ಕೆ ಮುಗಿಸಿದರು. ಇಂಗ್ಲಿಷಿನಲ್ಲಿ ಅದು 'ಕೀ ಟು ಹೆಲ್ತ್'. ಸುಮಾರು ಮೂವತ್ತು ವರ್ಷದ ಹಿಂದೆ 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ ಇದೇ ವಿಷಯ ಬರೆದಾಗ ಅವರು ಹಾಲಿನ ವಿರೋಧಿ. ಈಗಲೂ ಹಾಲು ಮಾಂಸದ ಹಾಗೆ ಪ್ರಾಣಿಜನ್ಯ, ಕಟ್ಟುನಿಟ್ಟಾದ ಸಸ್ಯಾಹಾರದಲ್ಲಿ ಅದಕ್ಕೆ ಜಾಗವಿಲ್ಲ ಎಂದೇ ವಾದ. ಆದರೆ ಕೂತು ಕೆಲಸ ಮಾಡುವ ಮನುಷ್ಯನಿಗೆ ದಿನಕ್ಕೆ ಏನು ಬೇಕು ಎಂದು ಕೊಟ್ಟ ಪಟ್ಟಿಯಲ್ಲಿ ಮೊದಲ ಸಾಲು ಹಸುವಿನ ಹಾಲು, ಎರಡು ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 900 ಗ್ರಾಂ. ಧಾನ್ಯ ಬರೀ ಆರು ಔನ್ಸ್. ತಾವು ಬಿಟ್ಟದ್ದನ್ನು ಜನ ಬಿಡಲಿ ಎಂದು ಅವರು ಹೇಳಲಿಲ್ಲ. ಹಾಲಿಗೆ ಸಮನಾದ ಸಸ್ಯಜನ್ಯ ಪದಾರ್ಥ ಸಿಗದೆ ಜನ ಅದನ್ನು ಬಿಟ್ಟರೆ ಸೊರಗುತ್ತಾರೆ ಎಂಬುದು ಅವರ ಮೈಮೇಲೆಯೇ ಕಂಡುಕೊಂಡ ಪಾಠ.

*

ಎರಡನೆಯ ನಿಲುಗಡೆ ಪುಣೆಯಿಂದ ಸೋಲಾಪುರದ ದಾರಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ದೂರದ ಉರುಳಿ ಕಾಂಚನ.

ಬಿಡುಗಡೆಯಾದ ನಂತರ ಗಾಂಧೀಜಿ ಪುಣೆಗೆ ಬಂದಾಗ ಡಾ. ದಿನ್ಶಾ ಮೆಹತಾ ಅವರ ಪ್ರಕೃತಿ ಚಿಕಿತ್ಸಾಲಯದಲ್ಲಿ ಇಳಿಯುತ್ತಿದ್ದರು. ಈಗ ಅಲ್ಲಿ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆ ಇದೆ. ಆದರೆ ಅದು ಪಟ್ಟಣದವರಿಗೆ, ಹಣ ಇದ್ದವರಿಗೆ ಎಂಬುದು ಅವರಿಗೆ ಚುಚ್ಚುತ್ತಿತ್ತು. 1946ರ ಮಾರ್ಚಿನಲ್ಲಿ ಉರುಳಿ ಕಾಂಚನಕ್ಕೆ ಹೋಗಿ ಹಳ್ಳಿಯ ಬಡವರಿಗಾಗಿ ಆಶ್ರಮ ಶುರು ಮಾಡಿದರು. ಒಂದು ವಾರದ ಮೇಲೆ ತಾವು ಹೊರಟರು, ಮಣಿಭಾಯಿ ದೇಸಾಯಿ ಎಂಬ ಗುಜರಾತಿನ ತರುಣನನ್ನು ಅಲ್ಲಿ ಬಿಟ್ಟರು. ಮಣಿಭಾಯಿ ಬದುಕೆಲ್ಲ ಅಲ್ಲೇ ಇದ್ದುಬಿಟ್ಟರು.

ಮಣ್ಣಿನ ಪಟ್ಟಿ, ಜಲ ಚಿಕಿತ್ಸೆ ಎಂದು ಶುರುವಾದ ಕೆಲಸ ಮಣಿಭಾಯಿಯವರನ್ನು ಬೇಗ ಗೋಶಾಲೆಗೆ ಕರೆದೊಯ್ದಿತು. ಬರಿ ಹೊಟ್ಟೆಯ ಹಳ್ಳಿಗೆ ಉಪವಾಸ ಚಿಕಿತ್ಸೆ ಹೇಳುವುದರಲ್ಲಿ ಅರ್ಥವಿಲ್ಲ. ಮೊದಲು ಗೀರ್ ಹಸು ಸಾಕಿದರು. 1967ರಲ್ಲಿ ಬಾಯಿಫ್ ಎಂಬ ಸಂಸ್ಥೆ ಕಟ್ಟಿದರು. ಹೋಲ್‌ಸ್ಟೀನ್, ಜರ್ಸಿ ತಳಿಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಕಾದಿಟ್ಟು, ರೈತನ ಮನೆ ಬಾಗಿಲಿಗೇ ಒಯ್ದು ದೇಸಿ ಹಸುವಿಗೆ ಗರ್ಭ ಕಟ್ಟಿಸುವ ವ್ಯವಸ್ಥೆ ಅದು. ಒಂದೆರಡು ಎಕರೆ ಒಣಭೂಮಿಯ ರೈತನಿಗೆ ಮಿಶ್ರತಳಿಯ ಒಂದು ಹಸು ಎಂದರೆ ದಿನವೂ ಕೈಗೆ ಕಾಸು. ಮಣಿಭಾಯಿಗೆ 1982ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕರ್ನಾಟಕದಲ್ಲೂ ತಿಪಟೂರನ್ನು ನೆಲೆ ಮಾಡಿಕೊಂಡು ಬಾಯಿಫ್ ಕೆಲಸ ಮಾಡಿತು. ತುಮಕೂರು ಸೀಮೆಯ ಹಳೆಯ ರೈತರಿಗೆ ಈ ಹೆಸರು ಹೊಸದಲ್ಲ.

ದೇಶದಲ್ಲಿ 1950ರ ಸುಮಾರಿಗೆ ವರ್ಷಕ್ಕೆ 1.7 ಕೋಟಿ ಟನ್ ಹಾಲು ಉತ್ಪಾದನೆ ಇತ್ತು. 2023-24ರಲ್ಲಿ ಅದು 23.9 ಕೋಟಿ ಟನ್. ಈ ಏರಿಕೆಯಲ್ಲಿ ಸಹಕಾರ ಸಂಘಗಳ ಪಾಲು ದೊಡ್ಡದು, ಎಮ್ಮೆಯ ಪಾಲು ದೊಡ್ಡದು, ಮಿಶ್ರತಳಿಯ ಹಸುವಿನ ಪಾಲೂ ದೊಡ್ಡದು. ಮೌಶಿಯ ಎದುರು ಮನೆಯವರು ಭಯಪಡುವುದು ಈ ಮಿಶ್ರತಳಿಯ ಹಾಲಿಗೆ.

ಆ ಭಯದ ಮೂಲ ಇಷ್ಟು. ಹಾಲಿನ ಮುಖ್ಯ ಪ್ರೋಟೀನುಗಳಲ್ಲಿ ಬೀಟಾ ಕೇಸೀನ್ ಒಂದು. ಅದು 209 ಅಮೈನೋ ಆಮ್ಲಗಳ ಸರಪಳಿ. 67ನೆಯ ಕೊಂಡಿಯಲ್ಲಿ ಪ್ರೋಲೀನ್ ಇದ್ದರೆ ಎ2, ಹಿಸ್ಟಿಡೀನ್ ಇದ್ದರೆ ಎ1. ಎ1 ಜೀರ್ಣವಾಗುವಾಗ ಆ ಜಾಗದಲ್ಲಿ ಸರಪಳಿ ತುಂಡಾಗಿ ಬಿಸಿಎಮ್-7 ಎಂಬ ಚೂರು ಹೆಚ್ಚಾಗಿ ಬಿಡುಗಡೆಯಾಗುತ್ತದೆ. ಅದು ಕರುಳಿನಲ್ಲಿ ಉರಿಯೂತ ತರುತ್ತದೆ, ಮಧುಮೇಹ, ಹೃದ್ರೋಗಗಳಿಗೆ ದಾರಿ ಮಾಡುತ್ತದೆ ಎಂಬ ವಾದ ನ್ಯೂಜಿಲೆಂಡಿನಲ್ಲಿ ಬೆಳೆಯಿತು. 2000ದಲ್ಲಿ ಎ2 ಹಾಲು ಮಾರುವ ಕಂಪನಿಯೇ ಅಲ್ಲಿ ಹುಟ್ಟಿತು. 2007ರಲ್ಲಿ ಕೀತ್ ವುಡ್‌ಫೋರ್ಡ್ ಬರೆದ ಪುಸ್ತಕದಿಂದ ವಾದ ಜಗತ್ತಿಗೆಲ್ಲ ಹಬ್ಬಿತು. 2009ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಬಿಸಿಎಮ್-7ಕ್ಕೂ ಈ ಕಾಯಿಲೆಗಳಿಗೂ ಕಾರ್ಯಕಾರಣ ಸಂಬಂಧ ಕಾಣುವುದಿಲ್ಲ ಎಂದಿತು. 2016ರಲ್ಲಿ ಚೀನಾದ 45 ಜನರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಎ1 ಇರುವ ಹಾಲು ಕುಡಿದಾಗ ಹೊಟ್ಟೆಯ ತೊಂದರೆಯೂ ಉರಿಯೂತದ ಕೆಲವು ಸೂಚಕಗಳೂ ಹೆಚ್ಚಾಗಿದ್ದವು. ಆ ಪ್ರಯೋಗಕ್ಕೆ ಹಣ ಕೊಟ್ಟದ್ದು ಎ2 ಹಾಲಿನ ಕಂಪನಿ. ಫಲಿತಾಂಶ ಸುಳ್ಳು ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೆ 45 ಜನರ ಮೇಲಿನ ಪ್ರಯೋಗವನ್ನು ನಂಬಿ ಇಡೀ ದೇಶದ ಹಾಲಿಗೆ ಕಳಂಕ ಹಚ್ಚುವುದೂ ಸರಿಯಲ್ಲ.

ನಮ್ಮಲ್ಲಿ ಈ ವಾದ ಇನ್ನೂ ಸಡಿಲ. ಭಾರತದ 15 ದೇಸಿ ತಳಿಯ ಹಸು ಮತ್ತು 8 ತಳಿಯ ಎಮ್ಮೆಗಳನ್ನು ಕರ್ನಾಲಿನ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಸಂಸ್ಥೆಯವರು 2009ರ ವೇಳೆಗೆ ಪರೀಕ್ಷಿಸಿದಾಗ, ದೇಸಿ ಹಸುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಎ2, ಎಮ್ಮೆಗಳಲ್ಲಿ ಪೂರ್ತಿ ಎ2 ಕಂಡಿತು. ಹೋಲ್‌ಸ್ಟೀನ್, ಜರ್ಸಿಗಳಲ್ಲೂ ಎ1, ಎ2 ಎರಡೂ ಬೆರೆತಿವೆ. ಅಂದರೆ ಯಾವ ಹೆಸರಿನ ಗಾಜಿನ ಬಾಟಲಿಯೂ ಇಲ್ಲದೆ ಡೇರಿಯಿಂದ ಬರುವ ಸಾದಾ ಎಮ್ಮೆ ಹಾಲು ಎ2 ಹಾಲೇ. ಎದುರು ಮನೆಯವರು ಅರ್ಧ ಬೆಲೆಗೆ ಅದನ್ನೇ ತರಬಹುದಿತ್ತು. 2024ರ ಆಗಸ್ಟ್ 21ರಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ಎ1 ಎ2 ಎಂದು ಲೇಬಲ್ ಹಾಕಿ ಮಾರುವುದು ದಾರಿ ತಪ್ಪಿಸುವಂಥದ್ದು, ತೆಗೆಯಿರಿ ಎಂದು ಆದೇಶಿಸಿತು. ಐದೇ ದಿನದಲ್ಲಿ ಆದೇಶ ಹಿಂದಕ್ಕೆ ಪಡೆಯಿತು. ಲೇಬಲ್ ಉಳಿಯಿತು, ಬೆಲೆಯೂ ಉಳಿಯಿತು.

*

ಮೂರನೆಯ ನಿಲುಗಡೆ ಪುಣೆಯ ಕೆಇಎಮ್ ಆಸ್ಪತ್ರೆ. ಪ್ರಶ್ನೆಯನ್ನು ನಂಬಿಕೆಯಿಂದ ಅಳತೆಗೆ ತಂದವರು ಇಲ್ಲಿಯವರು.

ಡಾ. ಚಿತ್ತರಂಜನ ಯಾಜ್ಞಿಕ್ ಇಲ್ಲಿನ ಮಧುಮೇಹ ತಜ್ಞರು. ಅವರು ಮತ್ತು ಲಂಡನ್ನಿನ ಜಾನ್ ಯಡ್ಕಿನ್ ಅಕ್ಕಪಕ್ಕ ನಿಂತ ಒಂದು ಫೋಟೋ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರ ಎತ್ತರಕ್ಕೆ ತಕ್ಕ ತೂಕದ ಅಳತೆ ಒಂದೇ, 22.3. ಆದರೆ ಯಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಅಡಗಿದ ಕೊಬ್ಬಿಗೆ ಆ ಚಿತ್ರ ಸಾಕ್ಷಿಯಾಯಿತು. ಇದು ನಮ್ಮ ವಿಷಯಕ್ಕೆ ಸಂಬಂಧಿಸಿದ್ದೇ. ಹೊಟ್ಟೆಯ ಸುತ್ತಲಿನ ಕೊಬ್ಬು ಸುಮ್ಮನೆ ಕೂತಿರುವ ಉಗ್ರಾಣವಲ್ಲ. ಅದು ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ ಎಂದು 1990ರ ದಶಕದಲ್ಲೇ ಗೊತ್ತಾಗಿತ್ತು.

ಯಾಜ್ಞಿಕ್ ತಂಡ ಪುಣೆ ಸುತ್ತಲಿನ ಹಳ್ಳಿ, ನಗರದ ಕೊಳೆಗೇರಿ ಮತ್ತು ಮಧ್ಯಮ ವರ್ಗದ ಬಡಾವಣೆಗಳಿಂದ ಒಟ್ಟು 441 ಗಂಡಸರನ್ನು ಆರಿಸಿ ಅಳೆಯಿತು. ಅದರ ಮೇಲೆ ಬಂದ ಒಂದು ವರದಿ ಕೊಬ್ಬು, ಉರಿಯೂತ ಮತ್ತು ರಕ್ತದ ಸಕ್ಕರೆ, ಈ ಮೂರರ ನಡುವಿನ ನಂಟಿನದು. 2006ರಲ್ಲಿ ಬಂದ ಇನ್ನೊಂದು ವರದಿ ಬಿ12 ವಿಟಮಿನ್ನಿನದು. ಶೇ. 67ರಷ್ಟು ಜನರಲ್ಲಿ ಬಿ12 ಕಡಿಮೆ ಇತ್ತು. ನಗರದ ಮಧ್ಯಮ ವರ್ಗದಲ್ಲಿ ಶೇ. 81. ಸಸ್ಯಾಹಾರಿಗಳಿಗೆ ಕೊರತೆಯ ಸಾಧ್ಯತೆ ನಾಲ್ಕು ಪಟ್ಟಿಗಿಂತ ಹೆಚ್ಚು. ಬಿ12 ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಏರುತ್ತದೆ, ನರಗಳು ಸೊರಗುತ್ತವೆ, ಕಾಲು ಜೋಮು ಹಿಡಿಯುತ್ತದೆ. ಗಿಡದಿಂದ ಬರುವ ಆಹಾರದಲ್ಲಿ ಬಿ12 ಇಲ್ಲವೆಂದೇ ಹೇಳಬೇಕು. ಮಾಂಸ, ಮೊಟ್ಟೆ ತಿನ್ನದವರಿಗೆ ಊಟದಲ್ಲಿ ಉಳಿಯುವ ದಾರಿ ಹಾಲು, ಮೊಸರು, ಮಜ್ಜಿಗೆ. ಪೇಢಾ, ಶ್ರೀಖಂಡಗಳ ಊರಿನಲ್ಲೇ ಈ ಕೊರತೆ. ಚಹಾದ ಬಣ್ಣ ತಿರುಗಿಸಲು ಹಾಕುವ ಹಾಲು ಸಾಲುವುದಿಲ್ಲ ಎಂದಾಯಿತು. 2013ರಲ್ಲಿ ಪುಣೆಯ ಸಂಶೋಧಕರು ಯುವ ಸಸ್ಯಾಹಾರಿಗಳಿಗೆ ದಿನವೂ ಹಾಲು ಕೊಟ್ಟು ನೋಡಿದಾಗ ಅವರ ಬಿ12 ಸ್ಥಿತಿ ಸುಧಾರಿಸಿತು.

ಅದಕ್ಕೂ ಹಿಂದೆ, 1993ರಿಂದ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಸುಮಾರು 800 ಗರ್ಭಿಣಿಯರನ್ನು ಇದೇ ತಂಡ ಹಿಂಬಾಲಿಸಿತ್ತು. ಹೆಣ್ಣುಮಕ್ಕಳು ಹೊಲದಲ್ಲಿ ದುಡಿದು ಬಂದು ದಿನಕ್ಕೆ ಸುಮಾರು 1,800 ಕ್ಯಾಲರಿಯಷ್ಟು ಉಣ್ಣುತ್ತಿದ್ದರು. ಹುಟ್ಟಿದ ಮಕ್ಕಳ ಸರಾಸರಿ ತೂಕ 2,665 ಗ್ರಾಂ. ತಾಯಿ ಒಟ್ಟು ಎಷ್ಟು ಕ್ಯಾಲರಿ ತಿಂದಳು ಎಂಬುದಕ್ಕಿಂತ ಸೊಪ್ಪು, ಹಣ್ಣು ಮತ್ತು ಹಾಲು ಎಷ್ಟು ಸಲ ತಿಂದಳು ಎಂಬುದಕ್ಕೂ ಮಗುವಿನ ಬೆಳವಣಿಗೆಗೂ ಹತ್ತಿರದ ನಂಟು ಕಂಡಿತು. ಈ ವರದಿ ಓದುವಾಗ ನನಗೆ ನೆನಪಾದದ್ದು 2013ರ ಆಗಸ್ಟ್ 1ರಂದು ಕರ್ನಾಟಕದಲ್ಲಿ ಶುರುವಾದ ಕ್ಷೀರಭಾಗ್ಯ. ಶಾಲೆಯ ಮಗುವಿಗೆ ಒಂದು ಲೋಟ, 150 ಮಿಲಿ. ಆ ಲೋಟದ ಮುಂದೆ ನಿಂತ ಮಗುವಿನ ಮೈಗೂ, ಹಾಲಿಗೆ ಹೆದರಿದ ನಗರದ ಮೈಗೂ ಇರುವ ಅಂತರವನ್ನು ಮರೆತು ಎಲ್ಲರಿಗೂ ಒಂದೇ ಸಲಹೆ ಕೊಡುವುದು ಹೇಗೆ?

*

ಹಾಗಾದರೆ ಹಾಲಿನಿಂದ ಉರಿಯೂತ ಆಗುತ್ತದೆಯೇ? ನೇರ ಪ್ರಶ್ನೆಗೆ ನೇರ ಉತ್ತರ ಕೊಡಬೇಕು.

ಇಟಲಿಯ ಬೊಲೋನ್ಯಾ ವಿಶ್ವವಿದ್ಯಾಲಯದ ಅಲೆಸ್ಸಾಂಡ್ರಾ ಬೊರ್ದೋನಿ ಮತ್ತು ಜೊತೆಗಾರರು 2017ರಲ್ಲಿ 52 ಕ್ಲಿನಿಕಲ್ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ಸಾಮಾನ್ಯವಾಗಿ ಹಾಲಿನ ಪದಾರ್ಥ ಉರಿಯೂತ ಏರಿಸುವುದಿಲ್ಲ, ಬೊಜ್ಜು, ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದವರಲ್ಲಿ ತುಸು ಇಳಿಸುವ ಕಡೆಗೇ ಒಲವು ಎಂಬುದು ಅವರ ತೀರ್ಮಾನ. ಏರಿಸಿದ್ದು ಹಾಲಿನ ಅಲರ್ಜಿ ಇದ್ದವರಲ್ಲಿ. 2019ರಲ್ಲಿ ಬಂದ ಇನ್ನೊಂದು ಪರಿಶೀಲನೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಎರಡು ಮಾತನ್ನು ಜೊತೆಗೇ ಹೇಳಬೇಕು. ಇಂಥ ಪ್ರಯೋಗಗಳು ಹೆಚ್ಚಾಗಿ ಯುರೋಪ್, ಅಮೆರಿಕಗಳಲ್ಲಿ, ಕೆಲವು ವಾರ ತಿಂಗಳುಗಳಷ್ಟು ಕಾಲ ನಡೆದವು. ಅವುಗಳಲ್ಲಿ ಹಲವಕ್ಕೆ ಹಾಲಿನ ಉದ್ಯಮದ ಹಣವಿದೆ. ಹಾಲು ಉರಿಯೂತಕ್ಕೆ ಔಷಧ ಎಂದು ಇದರಿಂದ ಹೇಳಲಾಗದು. ಹಾಲು ಉರಿಯೂತಕ್ಕೆ ಕಾರಣ ಎಂದು ಹೇಳಲು ಮಾತ್ರ ಆಧಾರ ಇಲ್ಲ.

ಹಾಲು ಆಗದವರು ಇದ್ದಾರೆ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವ ಮಕ್ಕಳಿಗೆ ಅದು ವಿಷ, ಅಲ್ಲಿ ಚರ್ಚೆಯೇ ಬೇಡ. ಲ್ಯಾಕ್ಟೋಸ್ ಅರಗದವರು ನಮ್ಮಲ್ಲಿ ತುಂಬ ಜನ, ಉತ್ತರಕ್ಕಿಂತ ದಕ್ಷಿಣದಲ್ಲಿ ಹೆಚ್ಚು. ಅವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಗುಡುಗುಡು. ಅದು ಅರಗದ ಸಕ್ಕರೆ ಕರುಳಿನಲ್ಲಿ ಹುದುಗುವುದರಿಂದ ಆಗುವ ತೊಂದರೆ, ಉರಿಯೂತ ಅಲ್ಲ. ಅವರಲ್ಲೂ ಹಲವರಿಗೆ ಮೊಸರು ಮಜ್ಜಿಗೆ ಒಗ್ಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾ ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ತಿಂದಿರುತ್ತದೆ. ಬೆಣ್ಣೆ ತುಪ್ಪ ಕೈಬಿಟ್ಟು ಸುರಿದರೆ ರಕ್ತದ ಕೊಲೆಸ್ಟ್ರಾಲ್ ಏರುತ್ತದೆ, ಅದು ಬೇರೆ ಲೆಕ್ಕ. ಬಾಸುಂದಿ ಶ್ರೀಖಂಡ ಹೊಟ್ಟೆ ತುಂಬ ತಿಂದು ಬೊಜ್ಜು ಬೆಳೆಸಿದರೆ ಆ ಬೊಜ್ಜು ಉರಿಯೂತ ತರುತ್ತದೆ. ಆಗ ಬೈಯಬೇಕಾದದ್ದು ಸಕ್ಕರೆಯನ್ನು ಮತ್ತು ಅಳತೆ ತಪ್ಪಿದ ಕೈಯನ್ನು.

*

ಈ ಮಳೆಗಾಲದಲ್ಲಿ ಮೌಶಿಯ ಫೋನ್ ಬಂತು. ಅಂಗಾಲು ಜೋಮು ಹಿಡಿದು ರಾತ್ರಿ ನಿದ್ದೆ ಇಲ್ಲ, ನಾಲಿಗೆ ಹುಣ್ಣು. ಹಾಲು ಬಿಟ್ಟದ್ದನ್ನು ಡಾಕ್ಟರಿಗೆ ಹೇಳು ಎಂದೆ. ಅವರು ಬಿ12 ಪರೀಕ್ಷೆ ಮಾಡಿಸಿದರು. ತೀರ ತಳ ಕಂಡಿತ್ತು. ಮೊದಲೇ ಕಡಿಮೆ ಇದ್ದಿರಬೇಕು, ಹಾಲು ಬಿಟ್ಟದ್ದರಿಂದ ಇನ್ನೂ ಇಳಿದಿರಬೇಕು ಎಂದರಂತೆ. ಇಂಜೆಕ್ಷನ್ ಶುರು ಮಾಡಿದರು. ಮೊಣಕಾಲಿನ ಎಕ್ಸ್‌ರೇ ನೋಡಿ, ಇದು ಸವೆದ ಕೀಲು, ತೂಕ ನಾಲ್ಕು ಕಿಲೋ ಇಳಿಸಿ, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡಿ ಎಂದರು. ಹಾಲಿನ ಸುದ್ದಿ ಅವರು ಎತ್ತಲೇ ಇಲ್ಲ.

ಮೊನ್ನೆ ಹೋದಾಗ ಊಟದ ಕೊನೆಗೆ ಮಜ್ಜಿಗೆ ಬಂತು. ಇಂಗು, ಕರಿಬೇವಿನ ಒಗ್ಗರಣೆ ಹಾಕಿದ್ದು.

"ಜೋಮು ಕಡಿಮಿ ಆಗೇದ. ಮೊಣಕಾಲು ಹಂಗ ಅದಾವ ನೋಡು," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಹಾಲಿಂದ ಅಲ್ಲಂದ್ರ ಮತ್ತ ಯಾತರಿಂದ ಇದು?"

ವಯಸ್ಸಿನಿಂದ, ತೂಕದಿಂದ, ಐವತ್ತು ವರ್ಷ ನೆಲದ ಮೇಲೆ ಕೂತು ಎದ್ದು ಮಾಡಿದ ಕೆಲಸದಿಂದ ಎಂದು ಹೇಳಿದೆ. ಅವಳಿಗೆ ಆ ಉತ್ತರ ರುಚಿಸಲಿಲ್ಲ. ಬಿಟ್ಟುಬಿಡಲು ಒಂದು ಪದಾರ್ಥದ ಹೆಸರು ಹೇಳಿದ್ದರೆ ಅವಳಿಗೆ ಸಮಾಧಾನ ಆಗುತ್ತಿತ್ತು. ನಾನು ಇನ್ನೊಂದು ಲೋಟ ಮಜ್ಜಿಗೆ ಹಾಕಿಸಿಕೊಂಡೆ, ಅವಳಿಗೂ ಒಂದು ಹಾಕಿದೆ.